ನಿಂಗಯ್ಯನ ಚಾಟಿ

ನಂಬಿ ಅಂತ ನಿಮಗೆ ಕೈಮುಗಿಯುವುದಿಲ್ಲ. ನನ್ನ ಹೆಂಡತಿಯೇ ಇವತ್ತಿಗೂ ಇದನ್ನು ಪೂರ್ತಿ ನಂಬಿಲ್ಲ. ಆದರೆ ಆ ರಾತ್ರಿ ಹಗ್ಗ ಎಳೆದು ಅಂಗೈಯಲ್ಲಾದ ಕಲೆ ಇನ್ನೂ ಇದೆ. ನನ್ನ ಮಟ್ಟಿಗೆ ಅಷ್ಟು ಸಾಕು.

ತೊಂಬತ್ತರ ದಶಕದ ಮಾತು. ನಾನಾಗ ಪಾಂಡವಪುರದ ಕಡೆ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ಆಟೋಗಳು ಬಂದು ಶ್ರೀರಂಗಪಟ್ಟಣದ ಜಟಕಾಗಳು ಒಂದೊಂದಾಗಿ ಮೂಲೆ ಸೇರುತ್ತಿದ್ದವು. ಜಟಕಾ ಮೂಲೆ ಸೇರಿದರೆ ಕುದುರೆ ಬೀದಿಪಾಲು. ಹಸುವಾದರೆ ಯಾರಾದರೂ ಕಟ್ಟಿಕೊಂಡಾರು, ಮುದಿ ಕುದುರೆ ಯಾರಿಗೆ ಬೇಕು? ಅಂಥ ಎರಡನ್ನು ತಂದು ಆರೈಕೆ ಮಾಡಿದೆ. ಎರಡೂ ಸತ್ತವು. "ಬೇಲೀಲಿ ಹೋಗೋ ಓತಿಕ್ಯಾತನ್ನ ಮೈಮೇಲೆ ಬುಟ್ಕೊಂಡಂಗಾಯ್ತು ನಿಮ್ದು" ಅಂತ ಹೆಂಡತಿ ಬೈದಳು. ಬೈಸಿಕೊಂಡು ಮೂರನೆಯದನ್ನೂ ತಂದೆ.

ಅದರ ಹೆಸರು ರಾಣಿ. ಸ್ಟೇಷನ್ ಹತ್ತಿರ ಬಾಯಲ್ಲಿ ಬೀಡಿ ಕಚ್ಚಿಕೊಂಡು ಜಟಕಾ ಓಡಿಸುತ್ತಿದ್ದ ನಿಂಗಯ್ಯನ ಕುದುರೆ. ನಿಂಗಯ್ಯ ತೀರಿಕೊಂಡ ಮೇಲೆ ಅವನ ತಮ್ಮ ಹಗ್ಗ ಬಿಚ್ಚಿ ಅಟ್ಟಿಬಿಟ್ಟಿದ್ದ. ನನ್ನ ಕಣ್ಣಿಗೆ ಬಿದ್ದಾಗ ತಿಪ್ಪೆಯಲ್ಲಿ ಎಂಜಲೆಲೆ ತಿನ್ನುತ್ತಿತ್ತು. ಬೆನ್ನ ಮೇಲೆ ಅಂಗೈಯಗಲ ಹುಣ್ಣು, ಅದರ ತುಂಬ ಹುಳ. ಎಡ ಹಿಂಗಾಲಿನ ಲಾಳ ಕಳಚಿಹೋಗಿತ್ತು.

ಬೆಳಗೊಳದ ದಾರಿಯಲ್ಲಿ ನಾಲೆಯ ಪಕ್ಕ ಒಂದು ಆಲೆಮನೆ ಇತ್ತು. ಬೆಲ್ಲ ಕಾಯಿಸುವುದು ನಿಂತು ವರ್ಷಗಳಾಗಿದ್ದವು. ಕಾವಲಿಗೆ ಜವರಪ್ಪ ಒಬ್ಬನೇ. ರಾಣಿಯನ್ನು ಅಲ್ಲಿ ಕಟ್ಟಿದೆವು. ಹುಳ ತೆಗೆದು ಔಷಧಿ ಹಚ್ಚಿದೆ, ಬೇಯಿಸಿದ ಹುರುಳಿ ತಿನ್ನಿಸಿದೆ. ತಿನ್ನುತ್ತಿತ್ತು, ಆದರೆ ಮಲಗಿದರೆ ಏಳುತ್ತಿರಲಿಲ್ಲ. ಕುದುರೆ ಹಾಗೆ ದಿನಗಟ್ಟಲೆ ಮಲಗಿದರೆ ಮುಗಿಯಿತು. ಹಿಂದಿನ ಎರಡೂ ಹೋದದ್ದು ಹಾಗೆಯೇ.

ಆಗ ನನಗೊಂದು ಬುದ್ಧಿವಂತಿಕೆ ಹೊಳೆಯಿತು. ಜಟಕಾದವರು ಜನರನ್ನು ಸರಿಸಲು ಚಾಟಿಯ ಕೋಲನ್ನು ಉರುಳುವ ಚಕ್ರದ ಕಡ್ಡಿಗಳಿಗೆ ತಾಗಿಸುತ್ತಾರಲ್ಲ, ಟರ್ರ್... ಅಂತ? ಜೀವಮಾನವೆಲ್ಲ ಕೇಳಿದ ಸದ್ದು, ಅದಕ್ಕಾದರೂ ಎದ್ದೀತು ಅನ್ನಿಸಿತು. ನಿಂಗಯ್ಯನ ತಮ್ಮನನ್ನು ಕೇಳಿ ಅವನ ಚಾಟಿಯನ್ನೇ ತಂದೆ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಪೆಡಲ್ ತಿರುಗಿಸು ಅಂತ ಜವರಪ್ಪನಿಗೆ ಹೇಳಿದೆ.

"ಬ್ಯಾಡಿ ಸಾ," ಅಂದ ಅವನು. "ಗಾಡೀಗೆ ಕುದ್ರೆ ಕಟ್ಟದಲೆ ಚಾಟಿ ಆಡಿಸ್ಬಾರ್ದು ಅಂತಾರೆ ಜಟಕಾದೋರು. ಗಾಡಿ ಕರ್ದಂಗಾಯ್ತದಂತೆ."

"ಗಾಡಿ ಬಂದ್ರೆ ನಿನ್ನೇ ಹತ್ಸಿ ಕಳಿಸ್ತೀನಿ. ತಿರುಗ್ಸಯ್ಯಾ!"

ಟರ್ರ್... ರಾಣಿಯ ಕಿವಿ ನೆಟ್ಟಗಾದವು. ಮುಂಗಾಲು ಊರಿ, ಗಡಗಡ ನಡುಗುತ್ತ, ಎದ್ದು ನಿಂತೇಬಿಟ್ಟಿತು. ನನಗೆ ಕಣ್ಣಲ್ಲಿ ನೀರು ಬಂತು. ಇದೊಂದಾದರೂ ಉಳಿಯುತ್ತದೆ ಅಂದುಕೊಂಡೆ. ಮೂರು ದಿನ ಬೆಳಿಗ್ಗೆ ಸಂಜೆ ಹಾಗೇ ಎಬ್ಬಿಸಿದೆವು.

ಮೂರನೆಯ ರಾತ್ರಿ ನಾನೂ ಅಲ್ಲೇ ಉಳಿದೆ. ಸಂಜೆ ನಾಲ್ಕು ಹನಿ ಬಿದ್ದು ಅಂಗಳ ಮೆತ್ತಗಾಗಿತ್ತು. ಒಳಗೆಲ್ಲ ಹಳೆಯ ಬೆಲ್ಲದ ಹುಳಿ ವಾಸನೆ. ರಾಣಿ ಮಲಗಿತ್ತು. ಚಾಟಿಯನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ನಾನೂ ಮಲಗಿದೆ.

ಎಷ್ಟು ಹೊತ್ತಾಗಿತ್ತೋ... ನಾಲೆ ಏರಿಯ ಮೇಲೆ, ದೂರದಲ್ಲಿ... ಟರ್ರ್...

ಕನಸು ಅಂದುಕೊಂಡೆ. ಮತ್ತೆ ಕೇಳಿಸಿತು. ಈ ಸಲ ಹತ್ತಿರ.

"ಸಾ..." ಕತ್ತಲೆಯಲ್ಲಿ ಜವರಪ್ಪನ ಪಿಸುಮಾತು. "ಚಾಟಿ ನಿಮ್ತಾವೇ ಐತಾ?"

ದಿಂಬಿನ ಕೆಳಗೆ ಕೈ ಹಾಕಿ ನೋಡಿದೆ. ಇತ್ತು.

ಅಷ್ಟರಲ್ಲಿ ರಾಣಿ ತಾನಾಗಿಯೇ ಎದ್ದಿತು. ನಡುಗಲಿಲ್ಲ, ತಡವರಿಸಲಿಲ್ಲ. ಬಾಗಿಲ ಕಡೆ ಜಗ್ಗತೊಡಗಿತು. ಸದ್ದು ಅಂಗಳಕ್ಕೇ ಬಂದು ನಿಂತಿತು. ಬಾಗಿಲ ಸಂದಿಯಿಂದ ಬೀಡಿ ಹೊಗೆಯ ವಾಸನೆ... ನಮ್ಮಿಬ್ಬರಲ್ಲಿ ಯಾರಿಗೂ ಬೀಡಿ ಅಭ್ಯಾಸವಿಲ್ಲ. ನಾನು ಓಡಿಹೋಗಿ ಹಗ್ಗ ಹಿಡಿದೆ.

"ಬುಟ್ಬುಡಿ ಸಾ... ಅವನ್ ಕುದ್ರೆ, ಅವ್ನು ಕೇಳ್ತಾವ್ನೆ..."

"ಬಿಡಲ್ಲ ಕಣಯ್ಯಾ! ಇದನ್ನೂ ಸಾಯೋಕೆ ಬಿಡಲ್ಲ!"

ಹಗ್ಗ ಅಂಗೈಯ ಚರ್ಮ ಸುಲಿಯಿತು. ಎಲುಬಿನ ಗೂಡಿನಂತಿದ್ದ ಕುದುರೆಗೆ ಅಷ್ಟು ಬಲ ಎಲ್ಲಿಂದ ಬಂತೋ. ಆಗ ಹೊರಗೆ ಯಾರೋ ನಾಲಿಗೆಯಿಂದ ಲೊಚಗುಟ್ಟಿದರು, ಕುದುರೆಯನ್ನು ಮುಂದೆ ಹೊರಡಿಸುವಾಗ ಜಟಕಾದವರು ಮಾಡುವ ಹಾಗೆ. ಹಗ್ಗ ಒಮ್ಮೆಲೇ ಸಡಿಲಾಯಿತು. ರಾಣಿ ನನ್ನ ಕಾಲ ಬುಡದಲ್ಲೇ ಕುಸಿದುಬಿತ್ತು. ಟಾರ್ಚ್ ಹಾಕಿ ಮೂಗಿನ ಹತ್ತಿರ ಕೈಯಿಟ್ಟೆ. ಉಸಿರಿರಲಿಲ್ಲ. ಆ ಸದ್ದು ಏರಿಯ ಕಡೆ ದೂರ ದೂರವಾಯಿತು.

ಬೆಳಗಾಗುವವರೆಗೆ ಬಾಗಿಲು ತೆಗೆಯಲಿಲ್ಲ. ತೆಗೆದಾಗ ಕೆಸರಿನಲ್ಲಿ ಎರಡು ಚಕ್ರಗಳ ಗುರುತು ಬಾಗಿಲವರೆಗೂ ಬಂದು, ತಿರುಗಿ ಏರಿಯ ಕಡೆ ಹೋಗಿತ್ತು. ಬರುವಾಗ ಚಕ್ರಗಳ ನಡುವೆ ಒಂದೇ ಒಂದು ಗೊರಸಿನ ಗುರುತೂ ಇರಲಿಲ್ಲ. ಹೋಗುವಾಗ ಇತ್ತು. ಮೂರು ಕಾಲಿಗೆ ಲಾಳ. ಎಡ ಹಿಂಗಾಲು ಬರಿಗಾಲು.

ರಾಣಿಯ ಹೆಣ ನನ್ನ ಬೆನ್ನ ಹಿಂದೆ, ಒಳಗೇ ಬಿದ್ದಿತ್ತು.

ಹೂಳಿದ ಮೇಲೆ ಚಾಟಿ ವಾಪಸ್ಸು ಕೊಡಲು ನಿಂಗಯ್ಯನ ತಮ್ಮನ ಮನೆಗೆ ಹೋದೆ. ಗಾಡಿ ಎಲ್ಲಿ ಅಂತ ಕೇಳಿದೆ.

"ಗಾಡಿಯಾ?" ಅಂದ. "ಅವನ್ ತಿಥಿ ಅಡ್ಗೆಗೇ ಸೌದೆ ಮಾಡಿ ಒಲೆಗಾಕ್ಬುಟ್ವಿ ಸಾ. ಚಾಟಿ ನೀವೇ ಮಡೀಕಳಿ."

ಆಮೇಲೆ ನಾನು ಇನ್ನೊಂದು ಕುದುರೆ ತರಲಿಲ್ಲ. ತಿಪ್ಪೆಯಲ್ಲಿ ನಿಂತದ್ದನ್ನು ಕಂಡರೂ ಮುಖ ತಿರುಗಿಸಿಕೊಂಡು ಹೋಗಿದ್ದೇನೆ. ಹೇಳಲು ನಾಚಿಕೆಯಾಗುತ್ತದೆ. ನಾನು ಆ ಗಾಡಿಯನ್ನು ಕರೆಯದಿದ್ದರೆ ರಾಣಿ ಬದುಕುತ್ತಿತ್ತೇ, ಅಥವಾ ನನ್ನ ಹತ್ತಿರ ಬದುಕುವುದೇ ಅದಕ್ಕೆ ಬೇಕಿರಲಿಲ್ಲವೇ, ಗೊತ್ತಿಲ್ಲ.

ಚಾಟಿ ನಮ್ಮ ಅಟ್ಟದ ಮೇಲಿದೆ. ಬಿಸಾಡಲು ಮನಸ್ಸಿಲ್ಲ, ಸುಡಲು ಧೈರ್ಯವಿಲ್ಲ. ಬೀದಿಯ ಮಕ್ಕಳು ಸೈಕಲ್ ಕಡ್ಡಿಗೆ ರಟ್ಟು ಸಿಕ್ಕಿಸಿ ಟರ್ರ್ ಅನ್ನಿಸುತ್ತ ಹೋದರೆ ಈಗಲೂ ಎದ್ದು ಬಾಗಿಲು ಹಾಕಿಕೊಳ್ಳುತ್ತೇನೆ... ಹಾಕಿಕೊಂಡು, ಅಟ್ಟದ ಕಡೆ ನೋಡುತ್ತೇನೆ.