ಅಪ್ಪನ ಸ್ಟೂಲಿನ ಸದ್ದು

ಕುಸುಬಿ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ನನಗೆ ಇಂದಿಗೂ ಒಗ್ಗರಣೆ ನೆನಪಾಗುವುದಿಲ್ಲ, ಅಪ್ಪನ ಸ್ಟೂಲು ನೆನಪಾಗುತ್ತದೆ. ಎಪ್ಪತ್ತರ ದಶಕದಲ್ಲಿ ನಮ್ಮ ಮನೆ ಬಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿತ್ತು. ಅಪ್ಪ ಪೇಟಿ ಮಾಸ್ತರ. ಪಡಸಾಲೆಯಲ್ಲಿ ಕಾಲಿನಿಂದ ಗಾಳಿ ಒತ್ತಿ ನುಡಿಸುವ ದೊಡ್ಡ ಹಾರ್ಮೋನಿಯಂ, ಅದರ ಮುಂದೆ ತಿರುವಿದರೆ ಮೇಲೆ-ಕೆಳಗೆ ಆಗುವ ದುಂಡನೆಯ ಸ್ಟೂಲು. ಬಬಲೇಶ್ವರದ ನಾಟಕದವರು ತಾಲೀಮಿಗೆ ಬಂದಾಗ ಮನೆ ತುಂಬ ಹಾಡು, ಹಾಡಿನ ನಡುವೆ ಸ್ಟೂಲಿನ ಕಿರ್ ಕಿರ್.

ಅಪ್ಪನ ಎದೆ ಕೆಟ್ಟಿತ್ತು. ಎರಡು ಸಲ ಕೂತಲ್ಲೇ ಕುಸಿದಾಗ ಅವ್ವ ಓಡಿಬಂದು ಉಳಿಸಿಕೊಂಡಿದ್ದಳು. ಪೇಟಿ ಬಿಡು ಅಂದರೆ ಬಿಡುವ ಗಂಡಸಲ್ಲ. ಎಷ್ಟೋ ಹೊತ್ತು ನುಡಿಸುವುದನ್ನು ನಿಲ್ಲಿಸಿ ಸುಮ್ಮನೆ ಯೋಚಿಸುತ್ತ ಕೂತಿರುತ್ತಿದ್ದ. ಅವನು ತುಸು ಅಲುಗಿದರೂ ಕಿರ್ ಅನ್ನುವ ಸ್ಟೂಲು ಮಾತ್ರ ಆಗಲೂ ಸುಮ್ಮನಿರುತ್ತಿರಲಿಲ್ಲ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಒಂದು ಕಿವಿ ಯಾವಾಗಲೂ ಪಡಸಾಲೆಯಲ್ಲೇ ಇತ್ತೆಂದು ಹತ್ತು ವರ್ಷದ ಹುಡುಗಿಯಾಗಿದ್ದ ನನಗೆ ಗೊತ್ತಿರಲಿಲ್ಲ.

ನನಗೆ ಗೊತ್ತಿದ್ದದ್ದು ನಾಚಿಕೆಯೊಂದೇ. ಪಾಠಕ್ಕೆ ಬರುತ್ತಿದ್ದ ತಿಕೋಟಾದ ಹುಡುಗಿಯೊಬ್ಬಳು, "ಮಾಸ್ತರ, ನಿಮಗಿಂತ ಮೊದಲ ನಿಮ್ಮ ಸ್ಟೂಲ ಹಾಡತೈತಲ್ರಿ!" ಎಂದು ಕಿಸಕ್ಕನೆ ನಕ್ಕಳು. ಅಪ್ಪನೂ ನಕ್ಕ. ನನಗೆ ಮೈಯೆಲ್ಲ ಉರಿಯಿತು. ಅದನ್ನು ರಿಪೇರಿ ಮಾಡಲೇಬೇಕೆಂದು ಹಟ ಹಿಡಿದೆ. ಅಪ್ಪ ಸ್ಟೂಲನ್ನು ಬೋರಲು ಹಾಕಿ ಬೋಲ್ಟು ಬಿಗಿಯುವುದನ್ನು, ಕಟ್ಟಿಗೆಯ ಸಂದಿಗೆ ಮೇಣದಬತ್ತಿ ತಿಕ್ಕುವುದನ್ನು ತೋರಿಸಿಕೊಟ್ಟ. ತಿರುಪಿಗೆ ಹೊಲಿಗೆ ಮಷೀನಿನ ಎಣ್ಣೆ ಬೇಕಿತ್ತು, ಇರಲಿಲ್ಲ. ನಾನು ಅಡುಗೆಮನೆಗೆ ಓಡಿ ಕುಸುಬಿ ಎಣ್ಣೆ ತಂದು ಸುರಿದೇ ಬಿಟ್ಟೆ.

"ಅಯ್ಯ ಖೋಡಿ, ಅದು ಅಂಟ ಕಟ್ಟತೈತಿ ಬೇ!" ಎಂದ ಅಪ್ಪ. ಆದರೂ ಕೂತು ನೋಡಿದ. ಸ್ಟೂಲು ಚಕಾರ ಎತ್ತಲಿಲ್ಲ. ನನ್ನ ಹಿಗ್ಗು ಕೇಳಬೇಡಿ!

ಎರಡು ದಿನ ಅವ್ವ ಹಿಟ್ಟಿನ ಕೈಯಲ್ಲೇ ಬಂದು ಬಂದು ಇಣುಕಿದಳು. ಯಾಕೆಂದು ಕೇಳಿದರೆ "ಏನಿಲ್ಲ ಬಿಡು" ಅಂದಳು. ಮೂರನೆಯ ದಿನ ಮಧ್ಯಾಹ್ನ ರೊಟ್ಟಿ ಮುಗಿಯುವತನಕ ಬರಲಾಗಲಿಲ್ಲ. ಬಂದಾಗ ಅಪ್ಪ ಪೇಟಿಯ ಮೇಲೆ ತಲೆಯಿಟ್ಟಿದ್ದ. ಕಾಲು ನಿಂತ ಮೇಲೆ ಆ ಪೇಟಿ ದನಿ ಮಾಡುವುದಿಲ್ಲ. ಮೈ ತಣ್ಣಗಾಗಿತ್ತು.

"ಕಿರ್ ಅನ್ನೂದು ನಿಂತ್ರ ಓಡಿ ಬರತಿದ್ನಲ್ರಿ, ಇವತ್ತ ನನಗ ಹೆಂಗ ಗೊತ್ತಾಗಬೇಕ್ರಿ!" ಎಂದು ಅವ್ವ ಎದೆ ಬಡಿದುಕೊಂಡು ಅತ್ತಾಗಲೇ ನನಗೆ ತಿಳಿದದ್ದು. ನಿಮ್ಮ ಮನೆಯಲ್ಲೂ ಇಂಥದೊಂದು ಸದ್ದು ಇದ್ದೀತು. ದಯವಿಟ್ಟು ಅದರ ಗೊಡವೆಗೆ ಹೋಗಬೇಡಿ.

ಅವ್ವ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಈಗ ಆ ಮನೆಯಿಲ್ಲ, ಅವಳೂ ಇಲ್ಲ. ಒಂದು ನೆನಪು ಮಾತ್ರ ಉಳಿದಿದೆ. ಆಗ ಅಪ್ಪ ಹೋಗಿ ಎರಡು ತಿಂಗಳಾಗಿತ್ತು. ಒಂದು ಮುಂಜಾನೆ ಅವಳು ಪಡಸಾಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಸ್ಟೂಲನ್ನು ಎರಡೂ ಕೈಯಿಂದ ಹಿಡಿದು ಅಲುಗಾಡಿಸುತ್ತಿದ್ದಳು. ತಿರುವಿಯೂ ನೋಡಿದಳು. ಎಣ್ಣೆ ಅಂಟಾಗಿ ತಿರುಪು ಅಪ್ಪ ಕೂರುತ್ತಿದ್ದ ಎತ್ತರಕ್ಕೇ ಕಚ್ಚಿಕೊಂಡಿತ್ತು. ಬಾಗಿಲಲ್ಲಿ ನಿಂತ ನನ್ನನ್ನು ಕಂಡು ಮೆಲ್ಲಗೆ ಅಂದಳು:

"ಭಾಳ ಛಲೋ ರಿಪೇರಿ ಮಾಡೀ ಯವ್ವಾ. ಒಂಚೂರೂ ಸದ್ದಿಲ್ಲ."