ಕಸ ತೆಗೆದ ಭಾನುವಾರ

ಆಗೆಲ್ಲ ನಮ್ಮೂರಲ್ಲಿ ಕೆಮ್ಮು ಬಂದರೆ ಮೊದಲು ಹಿತ್ತಲಿಗೆ ಹೋಗುತ್ತಿದ್ದರು, ದವಾಖಾನೆಗೆ ಆಮೇಲೆ. ಕುಷ್ಟಗಿ ಕಡೆಯ ಕೆಂಪು ಮಸಾರಿ ನೆಲ ನಮ್ಮದು. ಶ್ರಾವಣದಲ್ಲಿ ಎರಡು ಮಳೆ ಬಿದ್ದರೆ ಸಾಕು, ಬದುವಿನ ತುಂಬ ತುಂಬೆ ಹೂ. ಅದನ್ನು ಕಿತ್ತು ಜೇನು ಹೀರುತ್ತ ಶಾಲೆಗೆ ತಡವಾಗಿ ಹೋಗುವುದೇ ನಮ್ಮ ಕಸುಬಾಗಿತ್ತು.

ಅಪ್ಪನ ಅಕ್ಕ ನೀಲತ್ತಿ ಹೊಲದಲ್ಲೇ ಗುಡಿಸಲು ಹಾಕಿಕೊಂಡಿದ್ದಳು. ನಾಲ್ಕು ಕೋಳಿ, ಎರಡು ಆಡು, ಬದನೆ, ಪುಂಡಿಪಲ್ಯ. ಆಕೆ ಅಂಗಡಿಯಿಂದ ತರುತ್ತಿದ್ದದ್ದು ಉಪ್ಪು, ಚಹಾಪುಡಿ, ಬೆಂಕಿಪೆಟ್ಟಿಗೆ ಅಷ್ಟೇ. ಗುಡಿಸಲ ಹಿಂದಿನ ಒಂದು ತುಂಡು ನೆಲಕ್ಕೆ ಮಾತ್ರ ನೇಗಿಲು ಮುಟ್ಟಿಸುತ್ತಿರಲಿಲ್ಲ. ಅಲ್ಲಿ ಔಷಧಿ ಗಿಡಗಳಿದ್ದವು. ಅಪ್ಪನಿಗೆ ಆ ತುಂಡಿನ ಮೇಲೇ ಕಣ್ಣು.

“ಔಷಧಿ ಕಲಿಸ್ತೀನಿ ಅಂತೀಯಲ್ಲಕ್ಕಾ, ಕಲಿಯಾಕ ಯಾರರ ಬರ್ತಾರೇನು? ಒಂದ್ಸಲ ಪಾಠ ಮಾಡಿ ತೋರ್ಸು. ಇಲ್ಲಂದ್ರ ಹಿಂಗಾರಿಗೆ ಟ್ರ್ಯಾಕ್ಟರ್ ಹೊಡಸ್ತೀನಿ.”

“ಮಾಡ್ತೀನಿ, ನೋಡ್ತಾ ಇರು” ಎಂದಳು ಅತ್ತಿ.

ಕುಷ್ಟಗಿಯಿಂದ ಹತ್ತು ಮಂದಿ ಹೆಂಗಸರು ಬರಲು ಒಪ್ಪಿದರು. ಆ ಭಾನುವಾರ ಅವರನ್ನು ಕರೆತರಲು ಬಸ್ಸಿನ ಹಾದಿ ಹಿಡಿದ ಅತ್ತಿ, ಒಂಬತ್ತು ವರ್ಷದ ನನಗೆ ಹೇಳಿದಳು: “ಮಂದಿ ಬರೂದ್ರಾಗ ಕಸ ತಗದಿಡವ್ವಾ, ಛಲೋ ಕಾಣ್ಲಿ.”

ಆಕೆ ಹೇಳಿದ್ದು ಅಂಗಳದ ಕಸ. ನಾನೋ ಒಕ್ಕಲುತನದ ಮನೆಯ ಹುಡುಗಿ, ಕಸ ತೆಗೆಯುವುದೆಂದರೆ ಕಳೆ ಕೀಳುವುದು. ಕಳೆ ತೆಗೆಯುವ ಕುರ್ಚಿಗಿ ಹಿಡಿದು ಗುಡಿಸಲ ಹಿಂದೆ ಕೂತೆ. ತುಳಸಿ, ಲೋಳೆಸರ ಬಿಟ್ಟು ಬೇರೆ ಔಷಧಿಯೂ ಇರಬಹುದೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹಸಿ ಮಣ್ಣು, ಉಳಿದವೆಲ್ಲ ಬೇರು ಸಮೇತ ಎದ್ದು ಬಂದವು.

ಅತ್ತಿ ಬಂದು ನೋಡಿದರೆ ಬೋಳು ನೆಲ, ಪಕ್ಕದಲ್ಲಿ ನನ್ನೆತ್ತರದ ರಾಶಿ. ಜೊತೆಗೆ ಬಂದವರಲ್ಲಿ ಒಬ್ಬಾಕೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಅಪ್ಪ ಕೈಕಟ್ಟಿ ನಿಂತಿದ್ದ.

“ಅತ್ತೀ, ಕಸ ತಗದೀನಿ” ಎಂದೆ. ಆಕೆಯ ಮುಖ ನೋಡಿ ಅಳು ಬಂತು.

ಅತ್ತಿ ರಾಶಿಯ ಪಕ್ಕ ಕಾಲು ಮಡಿಚಿ ಕೂತುಬಿಟ್ಟಳು.

“ಬರ್ರಿ, ಕುಂದರ್ರಿ. ಬೇರು ತೋರ್ಸಬೇಕಂದ್ರ ಗಿಡ ಕೀಳಬೇಕು, ನನಗ ಮನಸ ಬರ್ತಿದ್ದಿಲ್ಲ. ನಮ್ಮ ಹುಡುಗಿ ಆ ಪಾಪ ತಾನ ಕಟ್ಕೊಂಡಾಳ ನೋಡ್ರಿ.”

ಎಲ್ಲರೂ ನಕ್ಕರು. ನಾನೂ ಅಳುತ್ತಲೇ ನಕ್ಕೆ.

ಹಿರೇಮದ್ದಿನ, ಅಂದರೆ ಅಶ್ವಗಂಧದ, ಬೇರು ಮುರಿದು ಮೂಸಿಸಿದಳು, ಥೇಟ್ ಕುದುರೆಯ ಮೈವಾಸನೆ. ಘಮಘಮಿಸುವ ಸೊಗದೆ ಬೇರು ಕೈಯಿಂದ ಕೈಗೆ ಹೋಯಿತು. ನೆಲನೆಲ್ಲಿಯ ಕಡ್ಡಿ ಮಗುಚಿ, ಎಲೆಯಡಿ ಸಾಲಾಗಿ ಕೂತ ಸಾಸಿವೆಯಷ್ಟು ಕಾಯಿ ತೋರಿಸಿದಳು. “ಗುರುತು ಹತ್ತಲಿಲ್ಲಂದ್ರ ಮುಟ್ಟಬ್ಯಾಡ್ರಿ” ಎಂದು ಹತ್ತು ಸಲ ಹೇಳಿದಳು. ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ ಕಾಯುತ್ತಿದ್ದರೂ ಯಾರೂ ಏಳಲಿಲ್ಲ. ಕೊನೆಗೆ ಅಪ್ಪನೇ ಬಗ್ಗಿ ಒಂದು ಕಡ್ಡಿ ಎತ್ತಿದ. “ಅಕ್ಕಾ, ಇದಕ್ಕೇನಂದಿ?” ಟ್ರ್ಯಾಕ್ಟರಿನ ಮಾತು ಮತ್ತೆ ಬರಲಿಲ್ಲ.

ಮಣ್ಣಲ್ಲಿ ಬೀಜ ಉಳಿದಿತ್ತು, ಮರುವರ್ಷ ಎಲ್ಲ ಮತ್ತೆ ಹುಟ್ಟಿದವು. ಅತ್ತಿ ಬಹಳ ಕಾಲ ಕಲಿಸಿದಳು. ನಾನು ಅರ್ಧ ಕಲಿತೆ. ಉಳಿದದ್ದನ್ನು ನಾಳೆ ಕೇಳಿದರಾಯಿತು, ಅತ್ತಿ ಎಲ್ಲಿಗೆ ಹೋಗುತ್ತಾಳೆ ಅಂದುಕೊಂಡೆ. ಹೋದ ವರ್ಷ ತೀರಿಕೊಂಡಳು.

ಆ ತುಂಡಿನಲ್ಲಿ ಈಗ ನಾನು ಪಾಠ ಮಾಡುತ್ತೇನೆ. ಗಿಡಗಳು ಒಂದೂ ಕಮ್ಮಿಯಾಗಿಲ್ಲ. ಕೆಲವುಗಳ ಎಲೆ ಉಜ್ಜಿ ಮೂಸಿದರೆ ವಾಸನೆ ಪರಿಚಯದ್ದೇ, ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಕಲಿಯಲು ಬಂದವರು ಅಂಥದೊಂದರ ಕಡೆ ಬೆರಳು ಮಾಡಿದಾಗ “ಗೊತ್ತಿಲ್ರೀ” ಎನ್ನುತ್ತೇನೆ. ಹಾಗೆ ಅಂದಾಗಲೆಲ್ಲ ಅತ್ತಿ ಇನ್ನೊಮ್ಮೆ ಸತ್ತಂತಾಗುತ್ತದೆ.