ಕುಸುಮಾವತಿಯ ಕೋಣೆಗೊಂದು ಬಾಗಿಲು

ಬ್ಯಾಂಕಿನ ಕೌಂಟರಿನಲ್ಲಿ ಕೂತು ಆಯಸ್ಸಿಡೀ ಕಂಡವರ ಕಣ್ಣಿಗೆ ಬಿದ್ದ ಕುಸುಮಾವತಿಗೆ ನಿವೃತ್ತಿಯ ನಂತರ ಬೇಕಿದ್ದದ್ದು ಒಂದೇ: ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥ ಒಂದು ಕೋಣೆ. ತಿರುವನಂತಪುರದಲ್ಲಿ ಜಾಗ ಕೊಂಡು, ಮನೆಯ ವಿನ್ಯಾಸವನ್ನು ತಮ್ಮ ಅಚ್ಯುತನ ಕೈಗೆ ಕೊಟ್ಟಳು. ಎಡವಿದ್ದು ಅಲ್ಲೇ. ಅವನು ಓದಿದ್ದು ಆರ್ಕಿಟೆಕ್ಚರ್, ಹೊಟ್ಟೆಪಾಡು ಕೊಚ್ಚಿಯಲ್ಲಿ ಸಿನಿಮಾಕ್ಕೆ ಸೆಟ್ ಹಾಕುವುದು. ತಮ್ಮನಿಗೆ ಸೆಟ್ಟು, ಅಕ್ಕನಿಗೆ ಸಿಟ್ಟು.

“ಬಾಗಿಲು ಕೊನೆಗೆ ಬರ್ತದೆ” ಎನ್ನುತ್ತಲೇ ಇದ್ದ. ಗೃಹಪ್ರವೇಶವಾದರೂ ಬರಲಿಲ್ಲ. ಬಚ್ಚಲಿಗೊಂದು ಇತ್ತು, ಅದೂ ದೊಡ್ಡ ಮನಸ್ಸು ಮಾಡಿ.

“ಎಂತದಾ ಇದು? ನನ್ನ ಕೋಣೆಗೆ ಬಾಗಿಲೆಲ್ಲಿ?”

“ಬಾಗಿಲು ಅಂದ್ರೆ ದೃಶ್ಯಕ್ಕೆ ಕತ್ತರಿ ಅಕ್ಕ. ಗೇಟಿನಿಂದ ಹೊರಟ ಕ್ಯಾಮೆರಾ ಚಾವಡಿ, ನಿನ್ನ ಕೋಣೆ ದಾಟಿ ಅಡುಗೆಮನೆಗೆ ಹೋಗ್ಬೇಕು. ಇದು ಒಂದೇ ಶಾಟಿನ ಮನೆ.”

“ಕ್ಯಾಮೆರಾಕ್ಕೆ ಸೀರೆ ಉಡ್ಲಿಕ್ಕಿಲ್ಲ ಮಾರಾಯ, ನನಗುಂಟು.”

“ನಿನಗೆ ಸ್ಪೇಸ್ ಅರ್ಥ ಆಗುವುದಿಲ್ಲ.”

“ನಿನಗೆ ಮನುಷ್ಯರು.”

ಅವನ ಗೆಳೆಯರು ಮನೆ ನೋಡಲು ಬರತೊಡಗಿದರು. ಒಂದು ಮಧ್ಯಾಹ್ನ ಅವಳು ಮಲಗಿದ್ದಾಗಲೇ ಒಬ್ಬ ಮಂಚದ ಪಕ್ಕ ನಿಂತು, “ಎಂಥ ಫ್ರೇಮು!” ಎಂದು ಫೋಟೋ ತೆಗೆದ. ಮರುದಿನವೇ ಕುಸುಮಾವತಿ ಕೊಚ್ಚಿಯ ರೈಲು ಹತ್ತಿದಳು.

ಕೊಚ್ಚಿಯ ಅಂಚಿನ ಕಳಮಶ್ಶೇರಿಯ ಖಾಲಿ ಶೆಡ್ಡಿನಲ್ಲಿ ಅಚ್ಯುತ ಸಿನಿಮಾಕ್ಕೆಂದು ಮಟ್ಟಾಂಚೇರಿಯ ಹಳೆಯ ಬೀದಿಯನ್ನೇ ಎಬ್ಬಿಸಿದ್ದ. ಉದ್ದಕ್ಕೂ ಬಾಗಿಲುಗಳು, ಹಿತ್ತಾಳೆಯ ಬಣ್ಣ ಬಳಿದ ಚಿಲಕಗಳು. ಒಂದನ್ನು ತಳ್ಳಿದಳು. ಹಿಂದೆ ಕೋಣೆಯಿಲ್ಲ, ಊರುಗೋಲು ಕೊಟ್ಟ ಪ್ಲೈವುಡ್ಡು, ವೈರಿನ ಸುರುಳಿ.

“ಯಾರೂ ಇಲ್ಲದ ಮನೆಗಳಿಗೆ ಇಷ್ಟು ಬಾಗಿಲು. ಬದುಕಿರುವ ಅಕ್ಕನಿಗೆ ಒಂದಿಲ್ಲ!”

“ಇಲ್ಲಿ ಕತೆಗೆ ಬೇಕಿತ್ತು.”

ಅವಳು ಮೊಳೆ ಹೊಡೆಯುತ್ತಿದ್ದ ಬಡಗಿ ಇಸ್ಮಾಯಿಲನ ಬಳಿಗೆ ನಡೆದು, ನಿಜವಾದ ಬಾಗಿಲು ಮಾಡಿಕೊಡುತ್ತೀಯಾ ಎಂದು ತಮ್ಮನಿಗೆ ಕೇಳುವಂತೆಯೇ ಕೇಳಿದಳು.

“ಮಾಡ್ತೇನೆ ಚೇಚೀ,” ಎಂದು ಮಲಯಾಳದಲ್ಲಿ ಅಕ್ಕನೆಂದೇ ಕರೆದ ಇಸ್ಮಾಯಿಲ್, ಯಜಮಾನನ ಕಡೆ ನೋಡದೆ.

ಮುಂದಿನ ತಿಂಗಳು ಅಚ್ಯುತ ಕ್ಯಾಮೆರಾದವನನ್ನೂ ಆರ್ಕಿಟೆಕ್ಚರ್ ವಿದ್ಯಾರ್ಥಿಗಳನ್ನೂ ಕರೆತಂದ, ಒಂದೇ ಶಾಟಿನ ಮನೆಯನ್ನು ಒಂದೇ ಶಾಟಿನಲ್ಲಿ ಹಿಡಿಯಲು. ವಿವರಿಸುತ್ತ ಹಿಮ್ಮುಖವಾಗಿ ನಡೆದ. ಗೇಟು, ಚಾವಡಿ, ಆಮೇಲೆ ಬೆನ್ನಿಗೆ ಧಡ್ ಎಂದು ಏನೋ ಬಡಿಯಿತು. ತಿರುಗಿದರೆ ಹಲಸಿನ ಮರದ ಬಾಗಿಲು, ಪಾಲಿಶ್ ವಾಸನೆ ಇನ್ನೂ ಹೋಗಿರಲಿಲ್ಲ. ಒಳಗಿನಿಂದ ಚಿಲಕ.

ಜೀವಮಾನದಲ್ಲಿ ಮೊದಲ ಸಲ ಅವನು ಅಕ್ಕನ ಬಾಗಿಲು ತಟ್ಟಿದ.

“ತೆಗಿ ಅಕ್ಕ. ಎಲ್ಲ ನೋಡ್ತಾ ಇದ್ದಾರೆ.”

“ಅದಕ್ಕೇ ಹಾಕಿದ್ದು.”

“ನನ್ನ ಡಿಸೈನನ್ನೇ ಕೊಂದೆ ನೀನು! ಇನ್ನು ಈ ಮನೆಗೆ ಕಾಲಿಡ್ಲಿಕ್ಕಿಲ್ಲ ನಾನು!”

“ಹೋಗುವಾಗ ಗೇಟು ಹಾಕಿಕೊಂಡು ಹೋಗು,” ಎಂದಳು ಕುಸುಮಾವತಿ, ಮಗ್ಗುಲು ಬದಲಿಸಿ.